ಮೋಟಾರ್ ಸೈಕಲ್ಲಿಗೊಂದು ಗೊರಬು

ಡೊಂಬಿವಲಿಯ ಸೋದರಿಯೊಬ್ಬರು ಸಂಪಾದಕರಿಗೆ ಬರೆದ ಕಾಗದವೊಂದು ಈ ಅಂಕಣದ ಪಾಲಿಗೆ ಬಂದಿದೆ. ಕಾಗದ ಉದ್ದವಾಗಿದೆ, ಸಾರವಿಷ್ಟು: ಮಗ ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಹಗಲೆಲ್ಲ ಅಂಗಡಿಯಿಂದ ಅಂಗಡಿಗೆ ತಿರುಗಿ ಆರ್ಡರು ಹಿಡಿಯುವ ಕೆಲಸವಾದುದರಿಂದ ಕಂತಿನ ಮೇಲೆ ಮೋಟಾರ್ ಸೈಕಲ್ ಕೊಳ್ಳಬೇಕಾಯಿತು. ಕಂತುಗಳು ಇನ್ನೂ ಇಪ್ಪತ್ತು ಬಾಕಿ ಇವೆ. ಕಟ್ಟಡದಲ್ಲಿ ಮಾಡಿನ ಕೆಳಗಿನ ಜಾಗವೆಲ್ಲ ಕಾರುಗಳಿಗೆ ಸಂದಿರುವುದರಿಂದ ಗಾಡಿ ಬಯಲಲ್ಲೇ ನಿಲ್ಲುತ್ತದೆ. ಕಳೆದ ಚೌತಿಗೆ ಊರಿಗೆ ಹೊರಡುವಾಗ ಮನೆಯವರು ದಪ್ಪ ತಾಡಪತ್ರಿಯೊಂದನ್ನು ತಂದು, ಗಾಡಿಗೆ ನೆತ್ತಿಯಿಂದ ನೆಲದವರೆಗೆ ಸುತ್ತಿ, ಹಗ್ಗ ಬಿಗಿದು ಹೋದರಂತೆ. ಹನ್ನೆರಡು ದಿನ ಕಳೆದು ಬಂದು ಬಿಚ್ಚಿ ನೋಡಿದರೆ ಸೀಟಿನ ಮೇಲೆ ಬೂಷ್ಟು, ಚೈನಿನ ಮೇಲೆ ಕೆಂಪು ತುಕ್ಕು. ಮುಂದಿನ ಬ್ರೇಕು ಹಿಡಿದರೆ ಬಿಡಲೊಲ್ಲದು. “ಒಂದು ಹನಿ ನೀರೂ ಒಳಗೆ ಹೋಗದಂಥ ಕವರು ಯಾವುದು? ಬೆಲೆ ಹೆಚ್ಚಾದರೂ ಚಿಂತೆಯಿಲ್ಲ” ಎಂದು ಕೇಳಿದ್ದಾರೆ.

ಈ ಪ್ರಶ್ನೆಗೇ ಮೊದಲು ಒಂದು ತಿದ್ದುಪಡಿ ಬೇಕು. ಆ ತಾಡಪತ್ರಿ ಮೇಲಿನಿಂದ ಒಂದು ಹನಿಯನ್ನೂ ಒಳಗೆ ಬಿಟ್ಟಿರಲಾರದು. ಅದರ ಮಟ್ಟಿಗೆ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಗಾಡಿಯನ್ನು ಕೆಡಿಸಿದ ನೀರು ಆಕಾಶದಿಂದ ಬಂದದ್ದಲ್ಲ, ನೆಲದಿಂದ ಎದ್ದದ್ದು. ಮಳೆ ನಿಂತು ಒಂದು ಗಳಿಗೆ ಬಿಸಿಲು ಬಿದ್ದರೆ ಸಾಕು, ಒದ್ದೆ ನೆಲದಿಂದ ಆವಿ ಏಳುತ್ತದೆ. ಬಯಲಾಗಿದ್ದರೆ ಅದು ಗಾಳಿಯಲ್ಲಿ ಹೋಗುತ್ತಿತ್ತು. ತಾಡಪತ್ರಿಯ ಒಳಗಾದರೆ ಅಲ್ಲೇ ನಿಲ್ಲುತ್ತದೆ. ಸಂಜೆ ಮತ್ತೊಂದು ಮಳೆ ಬಂದು ಹೊದಿಕೆ ತಣ್ಣಗಾದೊಡನೆ ಆ ಆವಿಯೇ ಹನಿಗಟ್ಟಿ, ಇಡ್ಲಿ ಪಾತ್ರೆಯ ಮುಚ್ಚಳದಿಂದ ತೊಟ್ಟಿಕ್ಕುವಂತೆ ಸೀಟಿನ ಮೇಲೆ, ಚೈನಿನ ಮೇಲೆ ತೊಟ್ಟಿಕ್ಕುತ್ತದೆ. ಹನ್ನೆರಡು ದಿನ ಗಾಡಿ ಹಬೆಯಲ್ಲಿ ಬೆಂದಿದೆ ಎಂದರೂ ಸರಿಯೇ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಳೆಯೇ ಬೀಳಬೇಕೆಂದಿಲ್ಲ. ಗಾಳಿಯ ತೇವ ನೂರಕ್ಕೆ ೬೦ರಷ್ಟನ್ನು ದಾಟಿದರೆ ತುಕ್ಕಿನ ನಡಿಗೆ ಬಿರುಸಾಗುತ್ತದೆ. ಉಪ್ಪಿನ ಅಂಶ ಸೇರಿದರೆ ಅದಕ್ಕಿಂತ ಕಡಿಮೆ ತೇವವೇ ಸಾಕು. ಜುಲೈ ತಿಂಗಳ ಮುಂಬಯಿಯಲ್ಲಿ ಗಾಳಿಯ ತೇವ ೮೦ಕ್ಕೂ ಮೇಲೆಯೇ ಇರುತ್ತದೆ, ಉಪ್ಪನ್ನು ಸಮುದ್ರ ಪುಕ್ಕಟೆಯಾಗಿ ಕೊಡುತ್ತದೆ. ಸಾಂತಾಕ್ರೂಜಿನ ಮಳೆಮಾಪಕದಲ್ಲಿ ಸಾಮಾನ್ಯ ವರ್ಷದಲ್ಲಿ ಜೂನಿನಿಂದ ಸೆಪ್ಟೆಂಬರದವರೆಗೆ ೨೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗುತ್ತದೆ. ಇಂಥ ಊರಿನಲ್ಲಿ ಗಾಡಿ ಒದ್ದೆಯಾಗದಂತೆ ಕಾಪಾಡುತ್ತೇನೆಂದು ಹೊರಡುವುದು ವ್ಯರ್ಥ ಸಾಹಸ. ಒದ್ದೆಯಾದದ್ದು ಬೇಗ ಒಣಗುವಂತೆ ನೋಡಿಕೊಂಡರೆ ಅದೇ ದೊಡ್ಡ ಗೆಲುವು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕರಾವಳಿಯ, ಮಲೆನಾಡಿನ ವಾಚಕರಿಗೆ ಗೊರಬಿನ ನೆನಪಿರಬೇಕು. ತುಳುವಿನಲ್ಲಿ ಅದಕ್ಕೆ ಕೊರಂಬು ಎನ್ನುತ್ತಾರೆ. ಬಿದಿರಿನ ಸೀಳುಗಳ ನಡುವೆ ಎಲೆ ಹಾಸಿ ಹೆಣೆದ ಆ ಹೊದಿಕೆಯನ್ನು ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟು ಹೆಂಗಸರು ದಿನವಿಡೀ ಬಗ್ಗಿ ನೇಜಿ ನೆಡುತ್ತಿದ್ದರು. ಬೆನ್ನಿಗೆ ಮಳೆ ತಾಗದು. ಎದುರೆಲ್ಲ ತೆರೆದೇ ಇರುವುದರಿಂದ ಮೈ ಬೆವೆತು ತೊಯ್ಯದು. ಹುಲ್ಲಿನ ಕುತ್ರಿಯನ್ನೂ ನೆಲಕ್ಕೆ ತಾಗಿಸದೆ ಕಲ್ಲು, ದಿಮ್ಮಿಗಳ ಮೇಲೆ ಒಟ್ಟುತ್ತಿದ್ದರು. ಮೇಲೆ ಮಾಡು, ಕೆಳಗೆ ಗಾಳಿ ಎಂಬ ಈ ಲೆಕ್ಕವೇ ಮೋಟಾರ್ ಸೈಕಲ್ಲಿಗೂ ಸಲ್ಲುತ್ತದೆ. ಅದಕ್ಕೆ ಬೇಕಾದದ್ದು ಗೊರಬು, ಗೋಣಿಚೀಲವಲ್ಲ.

ಇನ್ನು ಅಂಗಡಿಗೆ ಹೋಗೋಣ. ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಾಗಲಿ ನಿಮ್ಮ ಬಡಾವಣೆಯ ಬಿಡಿಭಾಗಗಳ ಅಂಗಡಿಯಲ್ಲಾಗಲಿ ಕವರು ಕೇಳಿದರೆ ಮೊದಲು ಬರುವ ಉತ್ತರ “ಹಂಡ್ರೆಡ್ ಪರ್ಸೆಂಟ್ ವಾಟರ್‌ಪ್ರೂಫ್” ಎಂಬುದು. ಆ ಮಾತನ್ನು ಅಂಗಡಿಯವನ ಬಳಿಯೇ ಬಿಟ್ಟು ಚೀಟಿಯನ್ನು ಓದಿರಿ. ಕಚೇರಿಯಲ್ಲಿ ಟೆಂಡರು ಕಾಗದಗಳನ್ನು ಓದಿ ಬೇಸತ್ತ ನನ್ನಂಥವನಿಗೆ ಈ ಚೀಟಿಗಳು ಬಹಳ ಪರಿಚಿತವೆನಿಸುತ್ತವೆ. ಅಂಕೆ ದೊಡ್ಡದಾಗಿರುತ್ತದೆ, ಅರ್ಥ ಎಲ್ಲೂ ಇರುವುದಿಲ್ಲ. ಒಂದರ ಮೇಲೆ ೧೯೦ ಟಿ ಎಂದಿದ್ದರೆ ಇನ್ನೊಂದರ ಮೇಲೆ ೨೧೦ ಡಿ ಎಂದಿರುತ್ತದೆ. ೨೧೦ ದೊಡ್ಡದು, ಆದುದರಿಂದ ಅದೇ ಉತ್ತಮ ಎಂದು ಭಾವಿಸಬಾರದು. ಟಿ ಎಂದರೆ ಒಂದು ಚದರ ಅಂಗುಲದಲ್ಲಿರುವ ಹಾಸು ಹೊಕ್ಕು ಎಳೆಗಳ ಒಟ್ಟು ಲೆಕ್ಕ. ಡಿ ಎಂದರೆ ಡೆನಿಯರ್, ಅಂದರೆ ೯೦೦೦ ಮೀಟರು ನೂಲಿನ ತೂಕ ಎಷ್ಟು ಗ್ರಾಂ ಎಂಬುದು. ಮೊದಲನೆಯದು ನೇಯ್ಗೆಯ ಒತ್ತು, ಎರಡನೆಯದು ನೂಲಿನ ದಪ್ಪ; ಸೇರನ್ನೂ ಗಜವನ್ನೂ ಹೋಲಿಸಿದ ಹಾಗಾಗುತ್ತದೆ. ಒಂದೇ ಅಕ್ಷರದ ಎರಡು ಕವರುಗಳನ್ನು ಮಾತ್ರ ಹೋಲಿಸಬಹುದು. ಹರಿಯದೆ ಬಾಳಿಕೆ ಬರಬೇಕಾದರೆ ದಪ್ಪ ನೂಲಿನದೇ ಮೇಲು.

ಆದರೆ ನೀರನ್ನು ತಡೆಯುವುದು ನೂಲಲ್ಲ, ಬಟ್ಟೆಗೆ ಬಳಿದಿರುವ ಲೇಪ. ಪಿ.ವಿ.ಸಿ. ಲೇಪವಾದರೆ ನೀರನ್ನೂ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ, ಬಿಸಿಲಿನಲ್ಲಿ ಒಣಗಿ ಬಿರಿಯುತ್ತದೆ. ಪಾಲಿಯುರಿಥೇನ್ ಲೇಪದ ಬಟ್ಟೆ ಹಗುರ, ಮಡಿಸಲು ಮೆತ್ತಗೆ. ಆದರೆ ಸೆಕೆ ಮತ್ತು ತೇವ ಎರಡೂ ಕೂಡಿದಲ್ಲಿ ಕೆಲವು ವರ್ಷಗಳ ಮೇಲೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಳೆಯ ರೇನ್‌ಕೋಟಿನ ಒಳಮೈ ಮುಟ್ಟಿ ನೋಡಿದವರಿಗೆ ಇದು ತಿಳಿದೇ ಇದೆ. ಆದರೂ ನನ್ನ ಒಲವು ಎರಡನೆಯದರ ಕಡೆಗೇ, ಏಕೆಂದರೆ ದಿನವೂ ಹೊದಿಸಿ ತೆಗೆಯಬೇಕಾದ ವಸ್ತು ಕೈಗೆ ಹಗುರವಾಗಿರಬೇಕು. ಭಾರವಾದ ಕವರು ಮೊದಲ ವಾರ ಗಾಡಿಯ ಮೇಲಿರುತ್ತದೆ, ಎರಡನೆಯ ವಾರದಿಂದ ಮನೆಯ ಅಟ್ಟದ ಮೇಲೆ.

ಲೇಪಕ್ಕಿಂತ ಮುಖ್ಯವಾಗಿ ನೋಡತಕ್ಕದ್ದು ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು ಬಿದ್ದಿರುತ್ತದೆ. ಅಗ್ಗದ ಕವರುಗಳಲ್ಲಿ ಎರಡು ತುಂಡುಗಳನ್ನು ನಡು ಬೆನ್ನಿನ ಮೇಲೆಯೇ ಜೋಡಿಸಿರುತ್ತಾರೆ. ಆ ಹೊಲಿಗೆ ನೇರವಾಗಿ ಸೀಟಿನ ತಗ್ಗಿಗೆ ಬರುತ್ತದೆ. ನೀರು ನಿಲ್ಲುವುದೂ ಅಲ್ಲೇ, ಸೋರುವುದೂ ಅಲ್ಲೇ. ಬೆನ್ನಿನ ಮೇಲೆ ಹೊಲಿಗೆಯಿಲ್ಲದ್ದು ಸಿಕ್ಕರೆ ಉತ್ತಮ. ಇಲ್ಲವಾದರೆ ಒಳಗಡೆಯಿಂದ ಹೊಲಿಗೆಯ ಉದ್ದಕ್ಕೂ ಪಟ್ಟಿ ಅಂಟಿಸಿದ್ದನ್ನು ಆರಿಸಬೇಕು. ಮನೆಗೆ ತಂದ ಮೇಲೆ ಒಂದು ಬಕೆಟ್ಟಿನ ಬಾಯಿಗೆ ಹೊಲಿಗೆಯ ಭಾಗವನ್ನು ತಗ್ಗಾಗಿ ಹಾಸಿ, ಒಂದು ಲೋಟ ನೀರು ಹೊಯ್ದು ಅರ್ಧ ಗಂಟೆ ಬಿಡಿರಿ. ಅಡಿಗೆ ಕೈ ಹಾಕಿದರೆ ಅಂಗಡಿಯವನ ಹಂಡ್ರೆಡ್ ಪರ್ಸೆಂಟಿನ ನಿಜಸ್ಥಿತಿ ಬೆರಳಿಗೆ ತಿಳಿಯುತ್ತದೆ. ಬದಲಾಯಿಸಿ ಕೊಡುತ್ತೇನೆಂಬ ಮಾತನ್ನು ಕೊಳ್ಳುವಾಗಲೇ ರಸೀದಿಯ ಮೇಲೆ ಬರೆಯಿಸಿಕೊಂಡಿರಬೇಕು.

ಮುಂದಿನದು ಗಾಳಿಯ ಕಿಂಡಿ. ಒಳ್ಳೆಯ ಕವರುಗಳಲ್ಲಿ ಕನ್ನಡಿಗಳ ಹತ್ತಿರ ಎರಡು ಬದಿಗೂ ಬಲೆ ಹಾಕಿದ ಕಿಂಡಿ ಇರುತ್ತದೆ. ಅದರ ಬಾಯಿ ಕೆಳಮುಖವಾಗಿದ್ದು ಮೇಲೊಂದು ಮುಚ್ಚಳದ ಮಡಿಕೆ ಇರಬೇಕು. ಹೀಗಿದ್ದರೆ ಆವಿ ಹೊರಹೋಗುತ್ತದೆ, ಮಳೆ ಒಳಬರದು. “ಇದರಲ್ಲಿ ತೂತಿದೆಯಲ್ಲ” ಎಂದು ಅದನ್ನು ಬೇಡವೆನ್ನುವ ಗಿರಾಕಿಗಳೇ ಹೆಚ್ಚು ಎಂದು ಅಂಗಡಿಯವರು ಹೇಳುತ್ತಾರೆ. ಆ ತೂತಿಗಾಗಿಯೇ ಇನ್ನೂ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಅಳತೆಯ ವಿಷಯದಲ್ಲಿ ಎಲ್ಲರೂ ದೊಡ್ಡದನ್ನೇ ಕೊಳ್ಳುತ್ತಾರೆ; ಬೆಳೆಯುವ ಮಕ್ಕಳ ಅಂಗಿಯೋ ಎಂಬಂತೆ. ಗಾಡಿ ಬೆಳೆಯುವುದಿಲ್ಲ. ಸ್ಪ್ಲೆಂಡರಿನಂಥ ಗಾಡಿಯ ಉದ್ದ ಸುಮಾರು ೨೦೦೦ ಮಿಲಿಮೀಟರು. ೩೫೦ ಸಿ.ಸಿ.ಯ ಬುಲೆಟ್ ಮಾದರಿಯದು ಅದಕ್ಕಿಂತ ಹೆಚ್ಚು, ಕೊಬ್ಬಿದ್ದೂ ಹೆಚ್ಚು. ದರ್ಜಿಯ ಟೇಪು ಹಿಡಿದು ಮುಂದಿನ ಚಕ್ರದಿಂದ ಹಿಂದಿನ ಮಡ್‌ಗಾರ್ಡಿನ ತುದಿಯವರೆಗೆ ಒಮ್ಮೆ, ಕನ್ನಡಿಗಳನ್ನು ಸೇರಿಸಿ ಅಗಲಕ್ಕೊಮ್ಮೆ ಅಳೆದುಕೊಂಡು ಹೋಗಿರಿ. ಸಡಿಲಾದ ಕವರು ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಪಟಪಟನೆ ಬಡಿಯುತ್ತ ಒಳಗಿರುವ ಧೂಳನ್ನು ಟ್ಯಾಂಕಿಗೆ ತಿಕ್ಕುತ್ತದೆ. ಹೊಸ ಬಣ್ಣದ ಮೇಲೆ ಮರಳು ಕಾಗದ ಆಡಿಸಿದಂತೆ. ಅಂಚಿನ ಇಲಾಸ್ಟಿಕ್ ಒಂದನ್ನೇ ನಂಬದೆ, ಹೊಟ್ಟೆಯ ಕೆಳಗೆ ಹಾಯ್ದು ಬಿಗಿಯುವ ಪಟ್ಟಿಯಿದೆಯೇ ನೋಡಬೇಕು. ಹೊದಿಸುವ ಮುನ್ನ ಹಳೆಯ ಬನಿಯನ್ನಿನಿಂದ ಟ್ಯಾಂಕನ್ನೊಮ್ಮೆ ಒರೆಸಿದರೆ ಅರ್ಧ ಕೆಲಸವಾದಂತೆ.

ದಿನವೂ ಓಡುವ ಗಾಡಿಗೆ ನೆಲದವರೆಗಿನ ಕವರು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾಂಡಲು, ಟ್ಯಾಂಕು, ಸೀಟು ಇಷ್ಟನ್ನು ಮುಚ್ಚಿ ಚಕ್ರಗಳನ್ನು ತೆರೆದಿಡುವ ಅರ್ಧ ಕವರು ಸಾಕು. ಅದು ಸಿಗದಿದ್ದರೆ ಉದ್ದದ ಕವರನ್ನೇ ದರ್ಜಿಗೆ ಕೊಟ್ಟು, ಕೆಳ ಅಂಚು ಚಕ್ರದ ನಡುವಿನ ಮಟ್ಟಕ್ಕೆ ಬರುವಂತೆ ಮಡಿಸಿ ಹೊಲಿಸಿಕೊಳ್ಳಬಹುದು. ಮಗ ರಾತ್ರಿ ಒಂಬತ್ತಕ್ಕೆ ಮಳೆಯಲ್ಲಿ ನೆನೆದು ಬರುತ್ತಾನೆ, ಗಾಡಿಯೂ ನೆನೆದಿರುತ್ತದೆ. ಕೆಳಗಿನಿಂದ ಗಾಳಿಯಾಡಿದರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಆರುತ್ತದೆ. ಬಂದ ಕೂಡಲೆ ಹೊದಿಸುವುದು ಮಾತ್ರ ಬೇಡ. ಪಾಲಿಯೆಸ್ಟರ್ ಸುಮಾರು ೨೫೦ ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಓಡಿ ಬಂದ ಗಾಡಿಯ ಎಂಜಿನ್ ಬಳಿಯ ಕೊಳವೆ ಅಷ್ಟು ಕಾದಿರುವುದು ಅಪರೂಪವಲ್ಲ. ಅಂಟಿಕೊಂಡ ಬಟ್ಟೆಯನ್ನು ಸೈಲೆನ್ಸರಿನಿಂದ ಕೆರೆಯುವ ಕೆಲಸ ಯಾರಿಗೂ ಬೇಡ; ಬೆಂಕಿಯ ಭಯವಂತೂ ಬೇಡವೇ ಬೇಡ. ಕೈಕಾಲು ತೊಳೆದು ಊಟ ಮುಗಿಸಿ, ಮತ್ತೆ ಕೆಳಗಿಳಿದು ಬಂದು ಹೊದಿಸಲಿ.

ಊರಿಗೆ ಹೋಗುವಾಗಿನ ಮಾತು ಬೇರೆ. ಆಗ ಕಿಂಡಿಗಳಿರುವ ಪೂರ್ಣ ಕವರು ಬೇಕು. ಗಾಡಿಯನ್ನು ಮಣ್ಣಿನ ಮೇಲೆ ನಿಲ್ಲಿಸದೆ ಸಿಮೆಂಟು ನೆಲದ ಮೇಲೆ, ನೀರು ಹರಿದುಹೋಗುವಲ್ಲಿ ನಿಲ್ಲಿಸಬೇಕು; ಚೈನಿಗೆ ಎಣ್ಣೆ ಹಾಕಬೇಕು; ಒದ್ದೆಯಿದ್ದರೆ ಆರುವವರೆಗೆ ಹೊದಿಸಲೇಬಾರದು. ಕವರಿನ ಅಂಚು ನೆಲಕ್ಕಿಂತ ಒಂದು ಗೇಣು ಮೇಲಿರಲಿ. ಅಂಚಿನಲ್ಲಿ ಲೋಹದ ಉಂಗುರ ಹಾಕಿದ ಕಣ್ಣುಗಳಿದ್ದರೆ ಅವುಗಳ ಮೂಲಕ ಸರಪಳಿ ಹಾಯಿಸಿ ಮುಂದಿನ ಚಕ್ರಕ್ಕೆ ಬೀಗ ಹಾಕಬಹುದು. ಎಲ್ಲಕ್ಕಿಂತ ಮೇಲಾಗಿ ನೆರೆಮನೆಯವರಲ್ಲಿ ಒಂದು ಮಾತು ಹೇಳಿ ಹೋಗಿರಿ: ಬಿಸಿಲು ಬಿದ್ದ ದಿನ ಎರಡು ತಾಸು ಕವರು ತೆಗೆದಿಡಿ ಎಂದು. ಹಪ್ಪಳ ಒಣಗಿಸಲು ಮಹಡಿ ಹತ್ತುವ ಮಾವಶಿಯವರಿಗೆ ಇದೇನು ದೊಡ್ಡ ಕೆಲಸವಲ್ಲ. ಊರಿನಿಂದ ಬರುವಾಗ ಅವರಿಗೊಂದು ಡಬ್ಬಿ ಉಪ್ಪಿನಕಾಯಿ ತಂದರಾಯಿತು.

ನೀರು ತುಂಬುವ ಜಾಗದಲ್ಲಿ ಗಾಡಿ ನಿಲ್ಲಿಸುವವರಿಗೆ ಯಾವ ಕವರೂ ನೆರವಾಗದು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಸುರಿದಾಗ ಹೊದಿಸಿದ ಗಾಡಿಗಳೂ ಹೊದಿಸದ ಗಾಡಿಗಳೂ ಒಂದೇ ಸಮನಾಗಿ ಮುಳುಗಿದವು. ಸೀಟಿನವರೆಗೆ ಮುಳುಗಿ ಎದ್ದ ಗಾಡಿಯನ್ನು ಕಿಕ್ ಹೊಡೆದು ನೋಡುವ ಆತುರ ಬೇಡ. ಎಂಜಿನ್ನಿಗೆ ನೀರು ಹೊಕ್ಕಿದ್ದರೆ ಅದರಿಂದಲೇ ಒಳಗಿನ ಭಾಗ ಮುರಿದೀತು. ತಳ್ಳಿಕೊಂಡೇ ಮೆಕ್ಯಾನಿಕನಲ್ಲಿಗೆ ಒಯ್ಯಬೇಕು.

ನಮ್ಮ ಸಂಚಿಕೆ ದೆಹಲಿ, ಹೈದರಾಬಾದುಗಳ ಬಂಧುಗಳ ಮನೆಗೂ ಹೋಗುವುದರಿಂದ ಒಂದು ಮಾತು. ಅಲ್ಲಿ ಮಳೆಗಿಂತ ಬಿಸಿಲೇ ಶತ್ರು. ಹೊರಮೈ ಬೆಳ್ಳಿಬಣ್ಣದ ಕವರು ಕಾವನ್ನು ಹಿಂದಕ್ಕೆ ಕಳಿಸುತ್ತದೆ, ಸೀಟು ಬಿರಿಯುವುದು ತಪ್ಪುತ್ತದೆ. ಚೆನ್ನೈಯವರ ದೊಡ್ಡ ಮಳೆ ಅಕ್ಟೋಬರದಿಂದ ಡಿಸೆಂಬರದವರೆಗೆ ಬರುವುದರಿಂದ ಅವರು ನಮ್ಮಂತೆ ಮೇ ತಿಂಗಳಲ್ಲಿ ಅವಸರಪಡಬೇಕಾಗಿಲ್ಲ. ಅವರಲ್ಲಿ ಚಂಡಮಾರುತದ ಗಾಳಿಯ ಭಯವೂ ಇರುವುದರಿಂದ ಹೊಟ್ಟೆಪಟ್ಟಿ ಎರಡಿದ್ದರೆ ಒಳ್ಳೆಯದು.

ಡೊಂಬಿವಲಿಯ ಸೋದರಿಗೆ ಇನ್ನೊಂದು ಸೂಚನೆ. ಹೊಸ ಕವರು ಕೊಳ್ಳುವ ಮೊದಲು ಬ್ರೇಕಿನ ಕೇಬಲ್ಲು ಮತ್ತು ಚೈನು ಎರಡನ್ನೂ ಮೆಕ್ಯಾನಿಕನಿಂದ ಬಿಚ್ಚಿಸಿ ನೋಡಿಸಿರಿ. ಬಿಡಲೊಲ್ಲದ ಬ್ರೇಕಿನ ಮೇಲೆ ಹುಡುಗ ಒಂದು ದಿನವೂ ತಿರುಗಬಾರದು. ಆ ತಾಡಪತ್ರಿಯನ್ನು ಎಸೆಯಬೇಡಿ. ಅಡುಗೆಮನೆಯ ಕಿಟಕಿಗೆ ಮಳೆ ಹೊಡೆಯುತ್ತದೆಂದು ಅದೇ ಕಾಗದದಲ್ಲಿ ಬರೆದಿದ್ದೀರಿ. ಅಲ್ಲಿ ಅದು ಚೆನ್ನಾಗಿ ಕೂಡುತ್ತದೆ.