ತುತ್ತಿನ ದಯೆ, ಚಿತ್ರದ ಹಿಂಸೆ

ಕೊಲ್ಲದಿರುವುದಷ್ಟೇ ಅಹಿಂಸೆಯೆಂದು ತಿಳಿದವರಿಗೆ ಕ್ಯಾಮೆರಾ ಅತ್ಯಂತ ನಿರುಪದ್ರವಿಯಾದ ಉಪಕರಣ. ಕೋವಿ ಹಿಡಿದವನು ಪ್ರಾಣ ತೆಗೆಯುತ್ತಾನೆ, ಕ್ಯಾಮೆರಾ ಹಿಡಿದವನು ಚಿತ್ರ ಮಾತ್ರ ತೆಗೆಯುತ್ತಾನೆ ಎಂಬುದು ಅವರ ಸಮಾಧಾನ. ಈ ಸಮಾಧಾನ ಎಷ್ಟು ದುರ್ಬಲವಾದುದೆಂಬುದನ್ನು ಅಮೆರಿಕದ ಫ್ಲೋರಿಡಾ ರಾಜ್ಯದ ಜೌಗುಭೂಮಿಗಳಲ್ಲಿ ಕಾಣಬಹುದು. ಅಲ್ಲಿನ ಆಲಿಗೇಟರುಗಳನ್ನು ಹುಡುಕಿ ಚಿತ್ರ ತೆಗೆಯಲು ವರ್ಷವಿಡೀ ಪ್ರವಾಸಿಗರು ಬರುತ್ತಾರೆ. ಮಕ್ಕಳ ಉದ್ಯೋಗದ ನಿಮಿತ್ತ ಆ ದೇಶದಲ್ಲಿ ನೆಲೆಸಿರುವ, ಇಲ್ಲವೇ ಅವರನ್ನು ಕಾಣಲು ಹೋಗುವ ಕರ್ನಾಟಕದ ಜೈನ ಕುಟುಂಬಗಳಿಗೂ ಈ ಪ್ರವಾಸ ಈಗ ಹೊಸದಲ್ಲ. ಆದುದರಿಂದ ಇದು ಪರದೇಶದ ವಿಚಾರವೆಂದು ಶ್ರಾವಕರು ಕೈತೊಳೆದುಕೊಳ್ಳುವಂತಿಲ್ಲ.

ಆಲಿಗೇಟರ್ ಎಂಬುದು ಮೊಸಳೆಯ ಬಳಗದ, ಅಗಲ ಮೂತಿಯ ಸರೀಸೃಪ. ಚರ್ಮಕ್ಕಾಗಿ ಎಗ್ಗಿಲ್ಲದೆ ನಡೆದ ಬೇಟೆಯಿಂದ ನಶಿಸುತ್ತಿದ್ದ ಈ ಜೀವಿಯನ್ನು 1967ರಲ್ಲಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿ ರಕ್ಷಿಸಲಾಯಿತು. 1987ರಲ್ಲಿ ಅದು ಚೇತರಿಸಿಕೊಂಡಿತೆಂದು ಘೋಷಿಸಲಾಯಿತು. ಇಂದು ಫ್ಲೋರಿಡಾ ಒಂದರಲ್ಲಿಯೇ ಸುಮಾರು 13 ಲಕ್ಷ ಆಲಿಗೇಟರುಗಳಿವೆಯೆಂದು ಅಂದಾಜು. ಅಮೆರಿಕದ ಮೊತ್ತಮೊದಲ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮವೂ 1903ರಲ್ಲಿ ಇದೇ ರಾಜ್ಯದ ಪೆಲಿಕನ್ ದ್ವೀಪದಲ್ಲಿ ಸ್ಥಾಪಿತವಾಯಿತು. 1951ರ ಲಾಕ್ಸಹ್ಯಾಚಿ, 1963ರ ಮೆರಿಟ್ ಐಲೆಂಡ್ ಮೊದಲಾದ ಆಶ್ರಯಧಾಮಗಳು ಆನಂತರ ಬಂದವು.

ಆಶ್ರಯಧಾಮವೆಂಬ ಹೆಸರು ಕೇಳಿದೊಡನೆ ಜೈನ ಮನಸ್ಸಿಗೆ ಅಭಯದಾನದ ನೆನಪಾಗುವುದು ಸಹಜ. ಆದರೆ 1997ರ ಅಮೆರಿಕದ ಕಾನೂನು ಈ ಧಾಮಗಳಲ್ಲಿ ಆದ್ಯತೆ ಪಡೆಯಬೇಕಾದ ಆರು ಸಾರ್ವಜನಿಕ ಉಪಯೋಗಗಳನ್ನು ಹೆಸರಿಸುತ್ತದೆ: ಬೇಟೆ, ಮೀನುಗಾರಿಕೆ, ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಪರಿಸರ ಶಿಕ್ಷಣ ಮತ್ತು ಪರಿಸರ ವಿವರಣೆ. ಬೇಟೆಯೂ ಛಾಯಾಗ್ರಹಣವೂ ಒಂದೇ ಸಾಲಿನಲ್ಲಿ ಕುಳಿತಿವೆ! ಶ್ರಾವಕನಿಗೆ ಇದು ಅಸಹ್ಯವೆನಿಸಬಹುದು. ಆದರೂ ಆ ಪಟ್ಟಿ ತನಗರಿವಿಲ್ಲದೆ ಒಂದು ಸತ್ಯವನ್ನು ನುಡಿಯುತ್ತದೆ. ಪ್ರಾಣಿಯನ್ನು ತನ್ನ ಸಂತೋಷದ ಸಾಧನವೆಂದು ಭಾವಿಸಿದವನ ಕೈಯಲ್ಲಿರುವುದು ಕೋವಿಯೇ ಆಗಲಿ, ಕ್ಯಾಮೆರಾವೇ ಆಗಲಿ, ಅವನ ದೃಷ್ಟಿ ಒಂದೇ. ಕಾನೂನು ಒಪ್ಪಿದೆಯೆಂಬ ಮಾತ್ರಕ್ಕೆ ಧರ್ಮ ಒಪ್ಪಿದಂತಾಗದು.

ಚಿತ್ರದ ಆಸೆ ಪ್ರಾಣಹರಣಕ್ಕೆ ದಾರಿಯಾಗುವ ಬಗೆಯನ್ನು ಗಮನಿಸಬೇಕು. ಆಲಿಗೇಟರ್ ಸ್ವಭಾವತಃ ಮನುಷ್ಯನಿಂದ ದೂರವಿರಲು ಬಯಸುತ್ತದೆ. ಅದು ನೀರಿನಲ್ಲಿ ಕಣ್ಣು, ಮೂಗನ್ನಷ್ಟೇ ತೋರಿಸಿ ತೇಲುತ್ತಿದ್ದರೆ ಚಿತ್ರ ಚೆನ್ನಾಗಿ ಬಾರದು. ಆಗ ಪ್ರವಾಸಿ ಬ್ರೆಡ್ಡಿನ ಚೂರನ್ನೋ ತಿಂಡಿಯ ತುಣುಕನ್ನೋ ಎಸೆಯುತ್ತಾನೆ. ಪ್ರಾಣಿ ಹತ್ತಿರ ಬರುತ್ತದೆ, ಚಿತ್ರ ಸಿಕ್ಕುತ್ತದೆ, ಪ್ರವಾಸಿ ಹೊರಟುಹೋಗುತ್ತಾನೆ. ಪ್ರಾಣಿ ಮಾತ್ರ ಮನುಷ್ಯನೆಂದರೆ ಆಹಾರವೆಂಬ ಪಾಠ ಕಲಿತು ಅಲ್ಲಿಯೇ ಉಳಿಯುತ್ತದೆ. ಮುಂದೊಂದು ದಿನ ಬರಿಗೈಯಲ್ಲಿ ಬಂದವರ ಕಡೆಗೂ ಅದು ನಿರ್ಭಯವಾಗಿ ಸಾಗುತ್ತದೆ. ಯಾರೋ ದೂರು ಕೊಡುತ್ತಾರೆ. 4 ಅಡಿ ಅಥವಾ ಅದಕ್ಕಿಂತ ಉದ್ದದ, ಅಪಾಯಕಾರಿಯೆಂದು ಭಾವಿಸಲಾದ ಆಲಿಗೇಟರನ್ನು ಹಿಡಿಯಲು ಫ್ಲೋರಿಡಾ ಸರಕಾರ ಗುತ್ತಿಗೆದಾರರನ್ನು ನೇಮಿಸಿದೆ. ಬೇರೆಡೆ ಬಿಟ್ಟರೆ ಅದು ಹಳೆಯ ನೆಲೆಗೇ ಮರಳುವ ಸಂಭವವಿರುವುದರಿಂದ ಸಾಮಾನ್ಯವಾಗಿ ಅದನ್ನು ಕೊಲ್ಲುತ್ತಾರೆ. ಅದರ ಚರ್ಮ ಮಾಂಸಗಳ ಮಾರಾಟವೇ ಹಿಡಿದವನ ಮುಖ್ಯ ಸಂಪಾದನೆ. ಈ ಕಾರಣದಿಂದಲೇ ಆಲಿಗೇಟರಿಗೆ ಆಹಾರ ಹಾಕುವುದು ಆ ರಾಜ್ಯದಲ್ಲಿ ಅಪರಾಧ.

'ನಾವು ಕೊಲ್ಲಲಿಲ್ಲವಲ್ಲ' ಎಂಬ ಮಾತು ಬೇರೆಯವರ ಬಾಯಲ್ಲಿ ಬಂದರೆ ಬರಲಿ, ಜೈನರ ಬಾಯಲ್ಲಿ ಬರಕೂಡದು. ಕೃತ, ಕಾರಿತ, ಅನುಮೋದಿತವೆಂಬ ಮೂರು ಬಗೆಯಲ್ಲಿಯೂ ಹಿಂಸೆ ಅಂಟುತ್ತದೆಂದು ಕಲಿಸಿದ ಧರ್ಮವಿದು. ಬೋನು ಒಡ್ಡಿದವನು ಮಾಡಿದವನಾದರೆ, ತುತ್ತು ಎಸೆದವನು ಮಾಡಿಸಿದವನು. ಆ ಚಿತ್ರವನ್ನು ಕಂಡು 'ಎಷ್ಟು ಹತ್ತಿರದಿಂದ ತೆಗೆದಿದ್ದೀರಿ!' ಎಂದು ಕೊಂಡಾಡಿದವನು ಅನುಮೋದಿಸಿದವನು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗಲೇ ಪ್ರಮಾದವನ್ನು ಅದರೊಳಗೆ ಸೇರಿಸಿದೆ. ಎಚ್ಚರಗೇಡಿತನವು ಕ್ಷಮೆಗೆ ಕಾರಣವಲ್ಲ, ದೋಷದ ಬೇರು.

ಜೀವದಯೆಯ ಹೆಸರಿನ ಸಮರ್ಥನೆ ಇನ್ನೂ ವಿಪರೀತವಾದುದು. ಇರುವೆಗೆ ಸಕ್ಕರೆ, ಹಕ್ಕಿಗೆ ಕಾಳು, ಕೊಳದ ಮೀನಿಗೆ ಹುರಿಗಡಲೆ ಹಾಕಿ ಅಭ್ಯಾಸವಾದ ಕೈ ಪರದೇಶದ ಜೌಗಿನಲ್ಲಿಯೂ ಸುಮ್ಮನಿರುವುದಿಲ್ಲ. ಆದರೆ ಫಲವನ್ನು ವಿಚಾರಿಸದೆ ಮಾಡಿದ ದಾನ ದಾನವೆನಿಸದು. ಲೂಸಿಯಾನಾ ರಾಜ್ಯದ ಜೌಗುಗಳಲ್ಲಿ ಕೆಲವು ದೋಣಿಯವರು ಮಾರ್ಷ್‌ಮೆಲೋ ಎಂಬ ಬಿಳಿ ಮಿಠಾಯಿ ಎಸೆದು ಆಲಿಗೇಟರನ್ನು ದೋಣಿಯ ಪಕ್ಕಕ್ಕೆ ಕರೆಯುವುದುಂಟು. ಆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಬೆರೆಸುವ ಜೆಲಾಟಿನ್ ಪ್ರಾಣಿಗಳ ಚರ್ಮ ಎಲುಬುಗಳಿಂದ ತಯಾರಾದುದು. ಒಂದು ಪ್ರಾಣಿಯ ಎಲುಬಿನಿಂದ ಇನ್ನೊಂದು ಪ್ರಾಣಿಯನ್ನು ಮೃತ್ಯುವಿನತ್ತ ಸೆಳೆಯುವ ಈ ವಿನೋದವನ್ನು ದಯೆಯೆಂದು ಕರೆಯಲು ಯಾರಿಗೆ ನಾಲಗೆ ಬಂದೀತು?

ಆಹಾರ ಹಾಕದವನೂ ದೋಷಮುಕ್ತನೆಂದು ಭಾವಿಸಬೇಕಾಗಿಲ್ಲ. ಆಲಿಗೇಟರಿನ ದೇಹಕ್ಕೆ ಶಾಖ ಹೊರಗಿನಿಂದಲೇ ಬರಬೇಕು. ಚಳಿಗಾಲದ ಹಗಲಿನಲ್ಲಿ ದಂಡೆಯ ಮೇಲೆ ಕದಲದೆ ಮಲಗಿರುವಾಗ ಅದು ಸೋಮಾರಿಯೂ ಅಲ್ಲ, ಚಿತ್ರಕ್ಕೆ ಭಂಗಿ ನೀಡುತ್ತಿರುವುದೂ ಅಲ್ಲ. ಉಂಡುದನ್ನು ಅರಗಿಸಲು ಬೇಕಾದ ಕಾವನ್ನು ಬಿಸಿಲಿನಿಂದ ಪಡೆಯುತ್ತಿರುತ್ತದೆ. ಬಾಯಿ ತೆರೆಯಲೆಂದು ಕಡ್ಡಿ ಎಸೆಯುವುದು, ಕೂಗಿ ಎಬ್ಬಿಸುವುದು ಅದರ ಆಹಾರವನ್ನೇ ಕಸಿದಂತೆ. ತಾಯಿ ಆಲಿಗೇಟರ್ ಸೊಪ್ಪುಸದೆಯ ಗುಡ್ಡೆಯಲ್ಲಿ 30ರಿಂದ 50 ಮೊಟ್ಟೆಯಿಟ್ಟು ಸುಮಾರು 65 ದಿನ ಕಾಯುತ್ತದೆ. ಒಳಗಿನಿಂದ ಮರಿಗಳ ದನಿ ಕೇಳಿದಾಗ ಗುಡ್ಡೆಯನ್ನು ಕೆದಕಿ, ಅವನ್ನು ಬಾಯಲ್ಲಿಯೇ ಎತ್ತಿ ನೀರಿಗೆ ಒಯ್ಯುತ್ತದೆ. ಅಂತಹ ತಾಯಿ ಬುಸುಗುಟ್ಟಿದರೆ ಅದು ಕ್ರೌರ್ಯವಲ್ಲ, ದೂರವಿರೆಂಬ ಬೇಡಿಕೆ. ಒಣಗಾಲದಲ್ಲಿ ಅದು ತೋಡಿಟ್ಟ ಗುಂಡಿಯ ನೀರೇ ಮೀನು, ಆಮೆ, ಹಕ್ಕಿಗಳಿಗೆ ಆಧಾರ. ಒಂದು ಆಲಿಗೇಟರ್ ಹೋದರೆ ಅದನ್ನು ನಂಬಿದ ಅನೇಕ ಜೀವಗಳಿಗೂ ಕೇಡು.

ಚಿತ್ರಗಳಿಲ್ಲದಿದ್ದರೆ ಜನರಿಗೆ ವನ್ಯಜೀವಿಗಳ ಮೇಲೆ ಪ್ರೀತಿ ಹುಟ್ಟುವುದೆಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಚಿತ್ರ ತೆಗೆಯಬಾರದೆಂದು ಯಾರೂ ಹೇಳುವುದಿಲ್ಲ. ಮೆರಿಟ್ ಐಲೆಂಡಿನಲ್ಲಿ ಕಾರಿನಿಂದ ಇಳಿಯದೆಯೇ ನೋಡುತ್ತ ಸಾಗಬಹುದಾದ 7 ಮೈಲಿಯ ದಾರಿಯೇ ಇದೆ. ದೂರದರ್ಶಕವೂ ದೂರದಿಂದ ಚಿತ್ರ ತೆಗೆಯುವ ಮಸೂರವೂ ಇಂದು ದುರ್ಲಭವಲ್ಲ. ಸಾಧುಗಳಿಗೆ ಈರ್ಯಾಸಮಿತಿ ಹೇಗೋ, ನೋಡಹೋದ ಗೃಹಸ್ಥನಿಗೆ ಈ ಅಂತರ ಹಾಗೆ. ತನ್ನ ಬರವಿನಿಂದ ಪ್ರಾಣಿಯ ನಡವಳಿಕೆ ಬದಲಾಯಿತೆಂದರೆ ಅವನು ಅತಿ ಸಮೀಪಕ್ಕೆ ಬಂದನೆಂದೇ ಅರ್ಥ. ಮೊಬೈಲಿನ ಸಣ್ಣ ಕಣ್ಣಿಗೆ ಚಿತ್ರ ಸಿಕ್ಕದಿದ್ದರೆ ಕಣ್ಣಾರೆ ಕಂಡದ್ದೇ ಸಾಕೆನ್ನುವ ಅಪರಿಗ್ರಹವೂ ಅಣುವ್ರತವೇ ಅಲ್ಲವೇ?

ಇದರಲ್ಲಿ ಬಸದಿಗಳ ಟ್ರಸ್ಟುಗಳಿಗೂ ಹೊಣೆಯಿದೆ. ಪಂಚಾಂಗಕ್ಕೂ ಸ್ಮರಣ ಸಂಚಿಕೆಗೂ ವನ್ಯಜೀವಿಯ ಚಿತ್ರವನ್ನು ಆರಿಸುವಾಗ ಅದನ್ನು ತೆಗೆದ ಬಗೆಯನ್ನು ವಿಚಾರಿಸಬೇಕು. ಆಹಾರ ತೋರಿಸಿಯೋ ಬೆದರಿಸಿಯೋ ತೆಗೆದುದಾದರೆ ನಿರಾಕರಿಸಬೇಕು. ಪಾಠಶಾಲೆಯ ಮಕ್ಕಳಿಗೆ ತುತ್ತು ಹಾಕುವುದನ್ನು ಕಲಿಸುವಂತೆಯೇ ತುತ್ತು ಹಾಕದಿರುವುದನ್ನೂ ಕಲಿಸಬೇಕು. ರಂಗನತಿಟ್ಟಿನ ಬಂಡೆಯ ಮೇಲೆ ಮಲಗಿದ ಮೊಸಳೆಯ ಹತ್ತಿರಕ್ಕೆ ದೋಣಿ ಒಯ್ಯಲು ಒತ್ತಾಯಿಸುವ ಕುಟುಂಬಗಳಿಗೂ ಇದೇ ಮಾತು ಸಲ್ಲುತ್ತದೆ. ಒಂಬತ್ತನೆಯ ತೀರ್ಥಂಕರ ಪುಷ್ಪದಂತರ ಲಾಂಛನ ಮಕರ. ಬಿಂಬದ ಪೀಠದಲ್ಲಿ ಅದಕ್ಕೆ ಕೈಮುಗಿಯುವವರು ನೀರಿನಲ್ಲಿರುವ ಪಂಚೇಂದ್ರಿಯ ಜೀವವನ್ನು ಚಿತ್ರದ ಸರಕಾಗಿ ಕಾಣುವುದು ತರವಲ್ಲ. ಅದು ಮನುಷ್ಯನಿಂದ ಬೇಡುವುದು ಆಹಾರವನ್ನಲ್ಲ, ಅಂತರವನ್ನು. ಅಷ್ಟನ್ನು ಕೊಡುವುದೇ ಅದಕ್ಕೆ ಸಲ್ಲುವ ಅಭಯದಾನ.