ಒಡೆಯದೆ ಉಳಿದ ಮೊಟ್ಟೆಗಳ ಲೆಕ್ಕ ಯಾರು ಕೊಡಬೇಕು?

ತುಮಕೂರು, ಗುಬ್ಬಿ, ಕುಣಿಗಲ್ಲಿನಲ್ಲಿ ಹಕ್ಕಿ ಸಾಕುವ ಬಂಧುಗಳೇ, ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ತಾರಸಿಯಲ್ಲಿ ಬೋನು ಕಟ್ಟಿ, ನವಣೆ ಹೊಂದಿಸಿ, ಪುಟ್ಟ ಮಡಕೆಯೊಳಗೆ ತೆಂಗಿನ ನಾರು ಹಾಸಿ, ಫಿಂಚ್ ಮರಿಯ ಮೊದಲ ಚೀರಾಟಕ್ಕೆ ಕಿವಿಗೊಟ್ಟು ಕೂರುವವರು ನೀವು. ಅದಕ್ಕೇ ಈ ಮಾತನ್ನು ನಿಮ್ಮ ಮುಂದೆಯೇ ಆಡಬೇಕು. ಮಾಮೂಲಿ ಬೂದು ಬಣ್ಣದ ಜೀಬ್ರಾ ಫಿಂಚನ್ನು ಈಗ ಕೇಳುವವರೇ ಕಡಿಮೆ. ಅಚ್ಚ ಬಿಳಿ, ಫಾನ್, ಸಿಲ್ವರ್, ಪೈಡ್, ತಲೆ ಮೇಲೆ ಜುಟ್ಟಿರುವ ಕ್ರೆಸ್ಟೆಡ್ ಎಂದರೆ ಕಣ್ಣರಳುತ್ತದೆ, ಬೆಲೆಯೂ ಏರುತ್ತದೆ. 'ಯಾವ ಮ್ಯುಟೇಶನ್?' ಎಂದು ಮೊದಲು ಕೇಳುತ್ತೇವೆ. ಹಕ್ಕಿ ಗಟ್ಟಿಮುಟ್ಟಾಗಿದೆಯೇ ಎಂದು ಕೇಳುವುದು ಆಮೇಲೆ, ಎಷ್ಟೋ ಸಲ ಕೇಳುವುದೇ ಇಲ್ಲ.

ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ, ತೂಕ ಸುಮಾರು 12 ಗ್ರಾಂ. ಅಲ್ಲಿಯೂ ಅಪರೂಪಕ್ಕೆ ಬೇರೆ ಬಣ್ಣದ ಮರಿ ಹುಟ್ಟುತ್ತದೆ, ಆದರೆ ಅಂಥದ್ದು ಗಿಡುಗನ ಕಣ್ಣಿಗೆ ಬೇಗ ಬೀಳುತ್ತದೆ. ಬೋನಿನಲ್ಲಿ ಗಿಡುಗನಿಲ್ಲ. ಬಿಳಿ, ಪೈಡ್‌ನಂಥ ಬಣ್ಣ ಮೈಮೇಲೆ ಕಾಣಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಗುಣ ಬರಬೇಕು. ಹಾಗೆ ಬರಿಸಲು ಹತ್ತಿರದ ದಾರಿ ಯಾವುದೆಂದು ಬ್ರೀಡಿಂಗ್ ಮಾಡುವ ಎಲ್ಲರಿಗೂ ಗೊತ್ತು: ಒಡಹುಟ್ಟಿದವನ್ನೇ ಜೋಡಿ ಹಾಕುವುದು, ಮಗಳನ್ನು ಅಪ್ಪನ ಬೋನಿಗೇ ಬಿಡುವುದು. ಎರಡು ಮೂರು ತಲೆಮಾರಿನಲ್ಲಿ ಬಣ್ಣ ನಿಲ್ಲುತ್ತದೆ. ಅದರ ಜೊತೆಗೇ ಬಡಕಲು ಮರಿ, ಕಟ್ಟದ ಮೊಟ್ಟೆ, ಸಣ್ಣ ಚಳಿಗೂ ಮುದುಡುವ ಮೈ ಬರುತ್ತವೆ.

ಜುಟ್ಟಿನ ವಿಷಯ ಇನ್ನೂ ಕಠೋರ. ಜುಟ್ಟಿನ ಜೀನ್ ಒಂದೇ ಕಡೆಯಿಂದ ಬಂದರೆ ಜುಟ್ಟು, ಎರಡೂ ಕಡೆಯಿಂದ ಬಂದರೆ ಸಾವು. ಜುಟ್ಟಿನ ಗಂಡಿಗೆ ಜುಟ್ಟಿನ ಹೆಣ್ಣನ್ನೇ ಕೂಡಿಸಿದರೆ ಸರಾಸರಿ ನಾಲ್ಕು ಭ್ರೂಣಕ್ಕೆ ಒಂದು ಚಿಪ್ಪಿನೊಳಗೇ ಸಾಯುತ್ತದೆ. ಕಾವಿಗೆ ಕೂತು ಐದಾರು ದಿನವಾದ ಮೊಟ್ಟೆಯನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದವರಿಗೆ ಆ ಕೆಂಪು ನರಗಳ ಬಲೆ ಗೊತ್ತು. ಬೆಳೆಯುವುದು ನಿಂತ ಮೊಟ್ಟೆಯಲ್ಲಿ ಆ ನರಗಳು ಒಡೆದು, ಮಸುಕಾದ ಒಂದು ರಕ್ತದ ಉಂಗುರ ಉಳಿಯುತ್ತದೆ. ತಾಯಿಗೆ ಅದು ತಿಳಿಯುವುದಿಲ್ಲ. ತಾಯಿಹಕ್ಕಿ ಕಾವು ಕೊಡುತ್ತಲೇ ಇರುತ್ತದೆ. ಆ ಮೊಟ್ಟೆಯನ್ನು 'ಕೆಟ್ಟದ್ದು' ಎಂದು ಕಸಕ್ಕೆ ಎಸೆಯುತ್ತೇವೆ. ಜೋಡಿ ಹಾಕಿದ್ದು ನಾವು. ಹೀಗಾಗುವುದೆಂದು ಗೊತ್ತಿದ್ದೂ ಹಾಕಿದ್ದರೆ ಅದಕ್ಕೆ ಹವ್ಯಾಸ ಎಂಬ ಹೆಸರು ಒಪ್ಪುತ್ತದೆಯೇ?

ಗೌಲ್ಡಿಯನ್ ಫಿಂಚ್ ನೋಡಿ. ಕೆಂಪು, ಕಪ್ಪು, ಹಳದಿ ತಲೆಗಳನ್ನು ಪ್ರಕೃತಿಯೇ ಕೊಟ್ಟಿದೆ. ಅಷ್ಟು ಚೆಲುವೂ ಸಾಲದೆಂದು ನೀಲಿ, ಬಿಳಿ ಎದೆ ಬೇಕೆನ್ನುತ್ತೇವೆ. ಬೇಗ ಬೇಗ ಮರಿ ಸಿಗಲೆಂದು ಅದರ ಮೊಟ್ಟೆ ಎತ್ತಿ ಬೆಂಗಾಲೀಸ್ ಫಿಂಚ್ ಜೋಡಿಯ ಕೆಳಗಿಟ್ಟು, ಮತ್ತೆ ಮೊಟ್ಟೆ ಇಡಿಸುತ್ತೇವೆ. ಬಿಡುವಿಲ್ಲದೆ ಇಡುತ್ತಾ ಹೋದರೆ ಮೈಯ ಸುಣ್ಣದಂಶ ಬರಿದಾಗಿ, ಒಂದು ದಿನ ಮೊಟ್ಟೆ ಒಳಗೇ ಸಿಕ್ಕಿಕೊಂಡು, ಬೋನಿನ ತಳದಲ್ಲಿ ಗರಿ ಉಬ್ಬಿಸಿ ಕೂತ ಹೆಣ್ಣು ಸಂಜೆಯೊಳಗೆ ಸಾಯುವುದುಂಟು.

ವಂಶದ ಲೆಕ್ಕ ಇಡುವುದು ಏಕೆ ಮುಖ್ಯವೆಂದು ಕುಣಿಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಬೆಳೆಸಿದ ಊರು ಅದು. ಜಾತಿ ರೇಸ್ ಕುದುರೆಯ ಮರಿ ಹುಟ್ಟಿದರೆ ತಂದೆ ಯಾರು, ತಾಯಿ ಯಾರು, ಅಜ್ಜ ಅಜ್ಜಿ ಯಾರು ಎಂಬುದು ಸ್ಟಡ್ ಬುಕ್ಕಿನಲ್ಲಿ ದಾಖಲಾಗುತ್ತದೆ. ಫಿಂಚಿಗೆ ಅಷ್ಟು ದೊಡ್ಡ ಪುಸ್ತಕ ಬೇಡ. ಕಾಲಿಗೊಂದು ಉಂಗುರ, ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಯಾವ ಮರಿ ಯಾರದ್ದೆಂದು ಬರೆದಿಟ್ಟರೆ ಅಣ್ಣ ತಂಗಿ ಒಂದೇ ಮಡಕೆ ಸೇರುವುದು ತಪ್ಪುತ್ತದೆ.

ಇನ್ನೊಂದು ಮೋಸವನ್ನು ಹೇಳದೆ ಬಿಡಲಾರೆ. ನಮ್ಮ ರಾಗಿ ಹೊಲಗಳಲ್ಲಿ ಗುಂಪಾಗಿ ಇಳಿಯುವ ರಾಟವಾಳಗಳನ್ನು ಬಲೆ ಹಾಕಿ ಹಿಡಿದು, ಹಸಿರು, ಹಳದಿ, ಗುಲಾಬಿ ಬಣ್ಣ ಬಳಿದು 'ಫಾರಿನ್ ಫಿಂಚ್' ಎಂದು ಮಾರುವ ದಂಧೆ ದೇಶದಲ್ಲಿ ಬಹಳ ಹಳೆಯದು. ಸಂತೆಯ ಬಣ್ಣದ ಕೋಳಿಮರಿ ನೋಡಿದವರು ಇದನ್ನೂ ಅರ್ಥ ಮಾಡಿಕೊಳ್ಳಬಲ್ಲರು. ಎದೆಯ ಗರಿ ಮೆಲ್ಲಗೆ ಸರಿಸಿ ಬುಡ ನೋಡಿ, ಬಳಿದ ಬಣ್ಣ ಅಲ್ಲಿಯವರೆಗೆ ಸರಿಯಾಗಿ ಇಳಿದಿರುವುದಿಲ್ಲ. ಹಕ್ಕಿ ಮೀಯಲು ಇಳಿದರೆ ನೀರೇ ಸಾಕ್ಷಿ ಹೇಳುತ್ತದೆ. ರಾಟವಾಳವನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕನಿಕರಪಟ್ಟು ದುಡ್ಡು ಕೊಟ್ಟು ಬಿಡಿಸಿಕೊಂಡರೂ ಮಾರುವವನು ಮರುದಿನ ಮತ್ತೆ ಬಲೆ ಹಾಕುತ್ತಾನೆ. ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ.

ಗುಬ್ಬಿಯಲ್ಲಿ ಹಿರಿಯರು ಹೇಳುವ ಕಥೆಯೊಂದಿದೆ. ಪುರಾಣ ಕೇಳಲು ಎರಡು ಗುಬ್ಬಚ್ಚಿಗಳು ದಿನವೂ ಬರುತ್ತಿದ್ದವಂತೆ, ಪುರಾಣ ಮುಗಿದ ದಿನ ಪ್ರಾಣ ಬಿಟ್ಟವಂತೆ. ಬೂದುಗಂದು ಬಣ್ಣದ, ಯಾರೂ ಬೆಲೆ ಕಟ್ಟದ ಹಕ್ಕಿಗಳು. ಅವನ್ನೂ ಕೇಳುಗರ ಸಾಲಿನಲ್ಲಿ ಕೂರಿಸಿಕೊಂಡ ಸೀಮೆ ಇದು.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಇವತ್ತು ಸಂಜೆ ನೀರು ಬದಲಿಸುವಾಗ ನೋಡಿ, ಜುಟ್ಟಿನ ಎರಡು ಹಕ್ಕಿ ಒಂದೇ ಬೋನಿನಲ್ಲಿದ್ದರೆ ಬೇರೆ ಮಾಡಿ, ಜುಟ್ಟಿಲ್ಲದ ಸಂಗಾತಿ ಕೊಡಿ. ವರ್ಷಕ್ಕೆ ಎರಡು ಮೂರು ಸಲ ಮರಿ ಎಬ್ಬಿಸಿದ ಜೋಡಿಯ ಮಡಕೆ ತೆಗೆದಿಟ್ಟು ಬಿಡುವು ಕೊಡಿ. ಅಂಗಡಿಯವರೇ, ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳಿವೆ, ನೋಂದಣಿ ಮಾಡಿಸಿ, ದಾಖಲೆ ಇಡಿ. ಕೊಳ್ಳುವವರೇ, ಹೊಸ ಬಣ್ಣದ ಜೋಡಿ ತೋರಿಸಿದಾಗ ಬೆಲೆ ಕೇಳುವ ಮೊದಲು ಇಷ್ಟು ಕೇಳಿ: ಇವುಗಳ ಅಪ್ಪ ಅಮ್ಮ ಯಾವುವು, ಇವು ಒಡಹುಟ್ಟಿದವೇ, ಆ ಗೂಡಿನಲ್ಲಿ ಎಷ್ಟು ಮೊಟ್ಟೆ ಒಡೆಯಲಿಲ್ಲ? ಉತ್ತರ ಬಾರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ, ಎದ್ದು ಬನ್ನಿ.