ನೌಕರರ ಮೊಬೈಲಿಗೆ ಬೀಗ, ತಿಜೋರಿಗೆ ಇಲ್ಲ

ನಮ್ಮ ಭಾಗದ ಅನೇಕ ಅಡತ್ ಅಂಗಡಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ "ಕೆಲಸದ ವೇಳೆಯಲ್ಲಿ ಮೊಬೈಲ್ ಬಳಸಕೂಡದು" ಎಂಬ ಫಲಕ ತೂಗುತ್ತಿರುತ್ತದೆ. ಅದೇ ಫಲಕದ ಕೆಳಗೆ ಕುಳಿತ ಮಾಲೀಕರು ಸಾಂಗಲಿಯ ಅರಿಷಿಣದ ಧಾರಣೆಯನ್ನು ವಾಟ್ಸಪ್‌ನಲ್ಲಿ ನೋಡುತ್ತಿರುತ್ತಾರೆ. ಇದನ್ನು ನಿಂದನೆಗಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮುಗಳಖೋಡದ ನನ್ನ ಕಚೇರಿಯಲ್ಲಿಯೂ ಇಂಥದೇ ನಿಯಮವಿದ್ದಿತು.

ಸೆಪ್ಟೆಂಬರ್ ತಿಂಗಳ ಲೆಕ್ಕಪರಿಶೋಧನೆಯ ಒತ್ತಡದಲ್ಲಿ ಸಹಾಯಕರೆಲ್ಲರ ಮೊಬೈಲುಗಳನ್ನು ಬೆಳಿಗ್ಗೆಯೇ ಪಡೆದು ಕಪಾಟಿನಲ್ಲಿ ಇರಿಸಿದ್ದೆ. ಪರಿಣಾಮ ವಿಪರೀತವಾಯಿತು. ಕಕ್ಷಿದಾರರು ಬಿಲ್ಲುಗಳ ಚಿತ್ರ ಕಳಿಸುವುದು ವಾಟ್ಸಪ್‌ಗೆ. ಜಿಎಸ್‌ಟಿ ಜಾಲತಾಣಕ್ಕೆ ಬೇಕಾದ ಓಟಿಪಿಯನ್ನು ಅವರು ತಿಳಿಸುವುದೂ ಮೊಬೈಲಿಗೇ. ಗಂಟೆಗೆ ನಾಲ್ಕು ಸಲ ಕಪಾಟು ತೆರೆಯಬೇಕಾಯಿತು. ಅದಕ್ಕಿಂತ ಮಿಗಿಲಾಗಿ, ಒಂದು ದಿನ ನಮ್ಮ ಸಹಾಯಕಿಯೊಬ್ಬರ ಮಗುವಿಗೆ ಜ್ವರ ಬಂದಿರುವುದಾಗಿ ಶಾಲೆಯವರು ಪಾಲಕರ ಗುಂಪಿನಲ್ಲಿ ತಿಳಿಸಿದ್ದರು. ಆಕೆ ಅದನ್ನು ಓದಿದ್ದು ಸಂಜೆ ಆರರ ನಂತರ. ಆಕೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಮಾರನೆಯ ದಿನ ಎಂದಿನಂತೆ ಮೊಬೈಲನ್ನು ತಂದು ಮೇಜಿನ ಮೇಲಿಟ್ಟರು. ಅಂದೇ ನಿಯಮವನ್ನು ಹಿಂತೆಗೆದುಕೊಂಡೆ.

ಸಮಯ ವ್ಯರ್ಥವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಹಿಂದೆ ಚಹಾದಂಗಡಿಯಲ್ಲಿಯೂ ಆಗುತ್ತಿತ್ತು. ಆದರೆ ದಿನದ ಕಿರ್ದಿ ಅಂದೇ ಮುಗಿಯಿತೇ, ಬ್ಯಾಂಕಿನ ತಾಳೆ ಸರಿಹೋಯಿತೇ ಎಂಬುದನ್ನು ಮಾಲೀಕರು ಸಂಜೆ ನೋಡಿದರೆ, ನಡುವೆ ನೌಕರನು ಎಷ್ಟು ಹೊತ್ತು ಫೇಸ್‌ಬುಕ್ ನೋಡಿದನೆಂದು ಎಣಿಸುವ ಅಗತ್ಯವಿರುವುದಿಲ್ಲ. ಯಂತ್ರದ ಮುಂದೆ ನಿಂತವನ ಮಾತು ಬೇರೆ. ಅಲ್ಲಿ ನಿಷೇಧವು ಬೆರಳುಗಳ ರಕ್ಷಣೆಗಾಗಿ, ಅದು ಇರಲೇಬೇಕು.

ಸಾಮಾಜಿಕ ಜಾಲತಾಣವೆಂದರೆ ಕೇವಲ ಹರಟೆ ಎಂಬ ಭಾವನೆಯನ್ನೂ ತಿದ್ದಿಕೊಳ್ಳಬೇಕಾಗಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಆ ಹಕ್ಕು ಸಂದಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ಪ್ರದರ್ಶನದಲ್ಲಿ ಅದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿದಾಗ, ಮೊದಲು ಕೂಗೆದ್ದಿದ್ದು ಜಾಲತಾಣಗಳಲ್ಲಿ. ನಂತರ ಮಹಾರಾಷ್ಟ್ರದ ವಾಣಿಜ್ಯ ಮಂಡಳಿಯ ಪತ್ರಕ್ಕೆ ಉತ್ತರಿಸಿ ಆ ಸಂಸ್ಥೆ ಭಾರತೀಯ ಕರಕುಶಲತೆಯ ಋಣವನ್ನು ಒಪ್ಪಿಕೊಂಡಿತು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಸರಕನ್ನು ಜಗತ್ತಿಗೆ ತೋರಿಸಬಲ್ಲವರು ಮೊಬೈಲ್ ಬಲ್ಲ ಯುವ ನೌಕರರೇ ಹೊರತು ನನ್ನಂಥ ಐವತ್ತು ದಾಟಿದವರಲ್ಲ.

ನನ್ನ ನಿಜವಾದ ಆತಂಕ ಬೇರೆಡೆ ಇದೆ. ಮೊಬೈಲಿಗೆ ಬೀಗ ಹಾಕುವ ಎಷ್ಟೋ ಸದಸ್ಯರು ತಮ್ಮ ಡಿಜಿಟಲ್ ಸಹಿಯ ಟೋಕನ್ನನ್ನು, ಬ್ಯಾಂಕಿನ ಪಾಸ್‌ವರ್ಡನ್ನು ಗುಮಾಸ್ತರ ವಶಕ್ಕೆ ನಿಶ್ಚಿಂತೆಯಿಂದ ಒಪ್ಪಿಸಿರುತ್ತಾರೆ. ಕೆಲವೆಡೆ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆಯೇ ಇರುತ್ತದೆ! ಮಾಲೀಕರ ಭಾವಚಿತ್ರವಿಟ್ಟುಕೊಂಡ ವಂಚಕನು "ಕೂಡಲೇ ಇಷ್ಟು ಹಣ ವರ್ಗಾಯಿಸು" ಎಂದು ಸಂದೇಶ ಕಳಿಸಿದರೆ, ಆ ಗುಮಾಸ್ತನನ್ನು ತಡೆಯುವುದು ಫಲಕವಲ್ಲ; ಕರೆ ಮಾಡಿ ಕೇಳಿಕೊಳ್ಳದೆ ಹಣ ಕಳಿಸಬಾರದೆಂಬ ರೂಢಿ. ವಂಚನೆ ನಡೆದೇಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದೂ ಅವನಿಗೆ ಗೊತ್ತಿರಬೇಕು. ಗ್ರಾಹಕರ ಆಧಾರ್, ಪಾನ್ ಚಿತ್ರಗಳು ನೌಕರರ ಸ್ವಂತ ಮೊಬೈಲಿನಲ್ಲಿ ಉಳಿಯದಂತೆಯೂ ನೋಡಿಕೊಳ್ಳಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಅದರ ಹೊಣೆ ಬೀಳುವುದು ಸಂಸ್ಥೆಯ ಮೇಲೆ. ವ್ಯವಹಾರಕ್ಕಾಗಿ ಸಂಸ್ಥೆಯ ಹೆಸರಿನಲ್ಲಿಯೇ ಪ್ರತ್ಯೇಕ ನಂಬರು ಪಡೆದರೆ, ನೌಕರನು ಕೆಲಸ ಬಿಟ್ಟಾಗ ಗ್ರಾಹಕರೂ ಅವನೊಂದಿಗೆ ಹೊರಟುಹೋಗುವುದಿಲ್ಲ.

ನನ್ನ ಕಚೇರಿಯ ಆ ಕಪಾಟು ಈಗಲೂ ಇದೆ, ಬೀಗವೂ ಇದೆ. ಅದರೊಳಗೆ ಕಕ್ಷಿದಾರರ ಡಿಜಿಟಲ್ ಸಹಿಯ ಟೋಕನ್ನುಗಳಿವೆ. ತೆಗೆದವರು, ಮರಳಿಸಿದವರು ಪುಸ್ತಕದಲ್ಲಿ ಸಹಿ ಹಾಕುತ್ತಾರೆ; ನಾನೂ ಹಾಕುತ್ತೇನೆ.